ಅಮೆರಿಕದ ಸಂಸತ್ತು ‘ಖಂಡಿಸಿತು’ ಅಂದರೆ ನಿಜಕ್ಕೂ ಆಗಿದ್ದೇನು?

ಯಾವುದೋ ದೇಶದ ನಾಯಕ ಉಗ್ರರ ಗುಂಪುಗಳನ್ನು ಸಾಕುತ್ತಿದ್ದಾನೆ ಎಂದು ಅಮೆರಿಕದ ಸಂಸದರೊಬ್ಬರು ಗುಡುಗುತ್ತಾರೆ. ಅರ್ಧ ನಿಮಿಷದ ವಿಡಿಯೊ ಹೊರಬರುತ್ತದೆ. ಸಂಜೆಯೊಳಗೆ ಅದು ‘ಅಮೆರಿಕ ಖಂಡಿಸಿತು’ ಎಂಬ ಸುದ್ದಿಯಾಗಿ ಊರಿಗೆ ಹೋಗಿ, ಅಲ್ಲಿಂದ ನಮ್ಮ ಫೋನಿಗೇ ವಾಪಸ್ ಬರುತ್ತದೆ. ‘ನೀನು ಅಲ್ಲೇ ಇದ್ದೀಯಲ್ಲ, ಇನ್ನು ಆ ದೇಶಕ್ಕೆ ದುಡ್ಡು ಕೊಡೋದು ನಿಲ್ಲುತ್ತಾ?’ ಎಂದು ಮನೆಯವರು ಕೇಳುತ್ತಾರೆ. ಅಮೆರಿಕಕ್ಕೆ ಬಂದ ಹೊಸದರಲ್ಲಿ ನನಗೂ ಉತ್ತರ ಗೊತ್ತಿರಲಿಲ್ಲ.

ಮೊದಲು ನೋಡಬೇಕಾದದ್ದು ಇದು: ಮಾತಾಡಿದ್ದು ಒಬ್ಬರೋ, ಒಂದು ಸದನವೋ, ಅಥವಾ ಅದು ಕಾನೂನೇ ಆಗಿದೆಯೋ? ಈ ಮೂರಕ್ಕೂ ಅಜಗಜಾಂತರ ವ್ಯತ್ಯಾಸ.

ಇಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸದಸ್ಯರಿದ್ದಾರೆ. ಬೆಳಗ್ಗೆ ಒಂದೊಂದು ನಿಮಿಷ ಯಾವ ವಿಷಯದ ಮೇಲೆ ಬೇಕಾದರೂ ಮಾತಾಡಲು ಅವರಿಗೆ ಅವಕಾಶ ಸಿಗುತ್ತದೆ. ದಿನದ ಕಲಾಪ ಮುಗಿದ ಮೇಲೆ ಇನ್ನೂ ಉದ್ದದ ಭಾಷಣ ಮಾಡಬಹುದು. ಆಗ ಎದುರಿಗೆ ಕೇಳುವವರು ಬೆರಳೆಣಿಕೆಯಷ್ಟು. 1984ರಲ್ಲಿ ಸ್ಪೀಕರ್ ಟಿಪ್ ಓನೀಲ್ ಕ್ಯಾಮೆರಾವನ್ನು ಸದನದ ಸುತ್ತ ತಿರುಗಿಸಲು ಹೇಳಿದಾಗಲೇ ಖಾಲಿ ಕುರ್ಚಿಗಳು ಟಿವಿಯಲ್ಲಿ ಕಂಡಿದ್ದು. ನಮಗೆ ಬರುವ ಎಷ್ಟೋ ವಿಡಿಯೊಗಳು ಇಂಥ ಭಾಷಣಗಳವೇ. ಅವುಗಳಿಗೆ ಬೆಲೆ ಇಲ್ಲ ಅಂತಲ್ಲ. ಆದರೆ ಅದು ಒಬ್ಬ ಸದಸ್ಯರ ಮಾತು, ದೇಶದ ಮಾತಲ್ಲ. ಸದನದಲ್ಲಿ ಆಡಿದ ಮಾತಿಗೆ ಅವರ ಮೇಲೆ ಕೇಸು ಹಾಕುವಂತೆಯೂ ಇಲ್ಲ. ನಮ್ಮ ಸಂವಿಧಾನದ 105ನೇ ವಿಧಿಯ ಹಾಗೆಯೇ ಇಲ್ಲೂ ರಕ್ಷಣೆ ಇದೆ.

ಎರಡನೆಯದು ನಿರ್ಣಯ. ಇದರ ಗುರುತು ಸಂಖ್ಯೆಯಲ್ಲೇ ಇರುತ್ತದೆ. ‘ಎಚ್.ರೆಸ್.’ ಎಂದಿದ್ದರೆ ಪ್ರತಿನಿಧಿ ಸಭೆಯೊಂದರದೇ ಅಭಿಪ್ರಾಯ, ‘ಎಸ್.ರೆಸ್.’ ಎಂದರೆ ಮೇಲ್ಮನೆಯಾದ ಸೆನೆಟ್‌ನದು. ‘ಕಾನ್.ರೆಸ್.’ ಎಂದಿದ್ದರೆ ಎರಡೂ ಸದನ ಒಪ್ಪಬೇಕು. ಇವು ಯಾವುವೂ ಅಧ್ಯಕ್ಷರ ಸಹಿಗೆ ಹೋಗುವುದಿಲ್ಲ, ಕಾನೂನೂ ಆಗುವುದಿಲ್ಲ. 2002ರ ಮೇ 2ರಂದು ಪ್ರತಿನಿಧಿ ಸಭೆ ಇಸ್ರೇಲ್‌ಗೆ ಬೆಂಬಲ ಸೂಚಿಸಿ, ಭಯೋತ್ಪಾದನೆಗೆ ಬೆಂಬಲ ಕೊಡುತ್ತಿದ್ದಾರೆಂದು ಪ್ಯಾಲೆಸ್ಟೀನ್ ನಾಯಕ ಯಾಸಿರ್ ಅರಾಫತ್ ಅವರನ್ನು ಹೆಸರು ಹಿಡಿದು ಖಂಡಿಸಿತು. ಪರ 352, ವಿರುದ್ಧ 21. ಇಷ್ಟು ದೊಡ್ಡ ಬಹುಮತವಿದ್ದರೂ ಅದರಿಂದ ಒಂದು ಡಾಲರ್ ಕೂಡ ನಿಲ್ಲಲಿಲ್ಲ. ಅದು ಸದನದ ಮನಸ್ಸನ್ನು ತೋರಿಸಿತು, ಅಷ್ಟೇ.

ಇಂಥ ನಿರ್ಣಯಗಳು ಸಾಮಾನ್ಯವಾಗಿ ಬರುವುದು ನಿಯಮ ಬದಿಗಿಟ್ಟು ಬೇಗ ಪಾಸು ಮಾಡುವ ದಾರಿಯಲ್ಲಿ. 40 ನಿಮಿಷ ಚರ್ಚೆ, ತಿದ್ದುಪಡಿ ಇಲ್ಲ, ಮೂರನೇ ಎರಡರಷ್ಟು ಮತ ಬೇಕು.

ನಿಜವಾದ ಹಲ್ಲಿರುವುದು ಕಾನೂನಿಗೆ. ಹಮಾಸ್, ಹಿಜ್ಬುಲ್ಲಾಗಳಿಗೆ ಆಸರೆ ಕೊಟ್ಟ ಆರೋಪದ ಮೇಲೆ 2003ರಲ್ಲಿ ಸಿರಿಯಾ ವಿರುದ್ಧ ಕಾಯ್ದೆ ಬಂತು. ಅಧ್ಯಕ್ಷ ಬುಷ್ ಡಿಸೆಂಬರ್‌ನಲ್ಲಿ ಸಹಿ ಹಾಕಿದರು. 2004ರ ಮೇನಲ್ಲಿ ಆಹಾರ, ಔಷಧ ಬಿಟ್ಟು ಅಮೆರಿಕದಿಂದ ಸಿರಿಯಾಕ್ಕೆ ಬಹುತೇಕ ರಫ್ತು ನಿಂತಿತು. ಸಿರಿಯಾದ ವಿಮಾನಗಳು ಇಲ್ಲಿ ಇಳಿಯುವಂತಿರಲಿಲ್ಲ.

ಆದರೆ ಕಾನೂನಿನಲ್ಲೂ ಒಂದು ಕಿಂಡಿ ಇರುತ್ತದೆ, ಅದನ್ನು ಗಮನಿಸಿ ಓದಬೇಕು. 2009ರ ಕೆರ್ರಿ-ಲುಗರ್-ಬರ್ಮನ್ ಕಾಯ್ದೆ ಪಾಕಿಸ್ತಾನಕ್ಕೆ ಐದು ವರ್ಷಗಳಲ್ಲಿ 750 ಕೋಟಿ ಡಾಲರ್ ನೆರವು ಕೊಡಲು ಒಪ್ಪಿತು. ಅದರ ಜೊತೆಗೇ ಒಂದು ಷರತ್ತು ಇತ್ತು. ಪಾಕಿಸ್ತಾನ ಉಗ್ರರ ವಿರುದ್ಧ ಕೆಲಸ ಮಾಡುತ್ತಿದೆ ಎಂದು ಅಮೆರಿಕದ ವಿದೇಶಾಂಗ ಸಚಿವರು ಬರೆದುಕೊಟ್ಟರೆ ಮಾತ್ರ ಭದ್ರತಾ ನೆರವು. ಬರೆದುಕೊಡಲು ಆಗದಿದ್ದರೆ, ದೇಶದ ಹಿತದ ಕಾರಣ ಹೇಳಿ ಷರತ್ತನ್ನೇ ಮನ್ನಾ ಮಾಡಬಹುದು. 2011ರ ಮಾರ್ಚ್‌ನಲ್ಲಿ ಆಗ ಆ ಹುದ್ದೆಯಲ್ಲಿದ್ದ ಹಿಲರಿ ಕ್ಲಿಂಟನ್ ಹಾಗೆ ಬರೆದುಕೊಟ್ಟರು. ಮೇ 2ರಂದು ಒಸಾಮಾ ಬಿನ್ ಲಾದೆನ್ ಅಬೋಟಾಬಾದ್‌ನಲ್ಲಿ ಹತನಾದ. ಆ ಊರಿನಲ್ಲೇ ಪಾಕಿಸ್ತಾನದ ಸೇನಾ ಅಕಾಡೆಮಿ ಇದೆ. 26/11ರ ಮೂರು ರಾತ್ರಿಗಳನ್ನು ಟಿವಿ ಮುಂದೆ ಕಳೆದ ನನಗೆ ಆ ಎರಡು ತಾರೀಕುಗಳು ಇಂದಿಗೂ ಚುಚ್ಚುತ್ತವೆ.

ಮಸೂದೆ ಮಂಡನೆಯಾದ ಕೂಡಲೇ ಖುಷಿಪಡುವವರಿಗೆ 2016ರ ಸೆಪ್ಟೆಂಬರ್ ನೆನಪಿಸಬೇಕು. ಟೆಡ್ ಪೋ, ಡೇನಾ ರೋರಬಾಕರ್ ಎಂಬ ಇಬ್ಬರು ಸದಸ್ಯರು ಪಾಕಿಸ್ತಾನವನ್ನು ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶವೆಂದು ಘೋಷಿಸಬೇಕೆಂಬ ಮಸೂದೆ ತಂದರು. ನಮ್ಮವರ ಗುಂಪುಗಳಲ್ಲಿ ಹಬ್ಬದ ವಾತಾವರಣ. ಅದು ಪಾಸಾಗಲೇ ಇಲ್ಲ. ಇಲ್ಲಿ ಒಂದು ಸಂಸತ್ತಿನ ಆಯಸ್ಸು ಎರಡೇ ವರ್ಷ. ಬೆಸ ಸಂಖ್ಯೆಯ ವರ್ಷದ ಜನವರಿ 3ಕ್ಕೆ ಹೊಸ ಸಂಸತ್ತು ಶುರುವಾದರೆ, ಹಳೆಯ ಬಾಕಿ ಮಸೂದೆಗಳೆಲ್ಲ ಸತ್ತಂತೆ. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯೂ ಮಾಮೂಲಿಯಾಗಿ ಇರುವುದು ವಿದೇಶಾಂಗ ಇಲಾಖೆಯ ಕೈಯಲ್ಲಿ.

ಹಾಗಂತ ಸಂಸತ್ತು ಅಧ್ಯಕ್ಷರ ಮುಂದೆ ಯಾವಾಗಲೂ ಸೋಲುತ್ತದೆ ಎಂದಲ್ಲ. ಅದೇ 2016ರ ಅದೇ ತಿಂಗಳು, ಭಯೋತ್ಪಾದಕ ದಾಳಿಗೆ ಬಲಿಯಾದವರ ಮನೆಯವರು ವಿದೇಶಿ ಸರ್ಕಾರದ ಮೇಲೆ ಇಲ್ಲಿನ ಕೋರ್ಟಿನಲ್ಲಿ ಕೇಸು ಹಾಕಲು ದಾರಿ ಮಾಡುವ ಮಸೂದೆಗೆ ಒಬಾಮಾ ವೀಟೊ ಹಾಕಿದ್ದರು. ಸೆನೆಟ್ 97-1ರಿಂದ, ಪ್ರತಿನಿಧಿ ಸಭೆ 348-77ರಿಂದ ಆ ವೀಟೊ ತಳ್ಳಿಹಾಕಿದವು. 9/11ರಲ್ಲಿ ತಮ್ಮವರನ್ನು ಕಳೆದುಕೊಂಡವರು ವರ್ಷಗಟ್ಟಲೆ ಸಂಸದರ ಬಾಗಿಲು ತಟ್ಟಿದ್ದರ ಫಲ ಅದು.

ನಾವೂ ತಟ್ಟಬಹುದು. ಮತ ಹಾಕುವುದು ಪೌರರಿಗೆ ಮಾತ್ರ. ಆದರೆ ವೀಸಾದಲ್ಲಿ ಇರುವವರೂ ತಮ್ಮ ಪ್ರದೇಶದ ಪ್ರತಿನಿಧಿಯ ಕಚೇರಿಗೆ ಪತ್ರ ಬರೆಯಬಹುದು, ಫೋನ್ ಮಾಡಬಹುದು. ನಿಮ್ಮ ಜಿಪ್ ಕೋಡ್ ಮತ್ತು ಮಸೂದೆಯ ಸಂಖ್ಯೆ ಕೈಯಲ್ಲಿರಲಿ. ‘ಏನಾದ್ರೂ ಮಾಡಿ’ ಅನ್ನುವುದಕ್ಕಿಂತ ‘ಈ ಸಂಖ್ಯೆಯ ಮಸೂದೆಗೆ ಸಹ ಪ್ರಾಯೋಜಕರಾಗಿ’, ಅಂದರೆ ಬೆಂಬಲಿಸಿ ಹೆಸರು ಸೇರಿಸಿ, ಎಂದು ಹೇಳಿ. ಚುನಾವಣೆಗೆ ದೇಣಿಗೆ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಎಚ್-1ಬಿಯವರು, ವಿದ್ಯಾರ್ಥಿಗಳು ಕೊಡುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಗೆಳೆಯರು ಕರೆದರು ಅಂತ ನಿಧಿ ಸಂಗ್ರಹದ ಊಟಕ್ಕೆ ಹೋಗಿ ಸುಮ್ನೆ ಚೆಕ್ ಬರೆಯಬೇಡಿ.