ತೊಳೆದು ಕೆಡಿಸಿದ ಪಾಲಿಅನಿಲೀನ್: ನನ್ನ ಅನುಭವ

ಪಾಲಿಅನಿಲೀನ್ ಎಂದರೆ ಅನಿಲೀನ್ ಅಣುಗಳು ಸರಪಳಿಯಂತೆ ಜೋಡಿಕೊಂಡು ಆಗುವ, ವಿದ್ಯುತ್ತು ಹರಿಸಬಲ್ಲ ಪಾಲಿಮರ್. ನಾನು ಮೊದಲ ಸಲ ತಯಾರಿಸಿದ್ದು ನೋಡುವುದಕ್ಕೆ ಸೊಗಸಾಗಿತ್ತು. ವಿದ್ಯುತ್ತು ಮಾತ್ರ ಅದರಲ್ಲಿ ಸರಿಯಾಗಿ ಹರಿಯಲಿಲ್ಲ.

ವಿಧಾನ ಸರಳವಾದದ್ದು. ಗಾಳಿ ತಾಗಿ ಕಂದಾಗಿದ್ದ ಅನಿಲೀನನ್ನು ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದೆ. ಮಂಜುಗಡ್ಡೆಯ ತೊಟ್ಟಿಯಲ್ಲಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಿಸಿ, ಒಂದು ಮೋಲ್ ಅನಿಲೀನಿಗೆ 1.25 ಮೋಲ್‌ನಂತೆ ಉತ್ಕರ್ಷಕವಾದ (ಎಲೆಕ್ಟ್ರಾನ್ ಕಿತ್ತುಕೊಳ್ಳುವ) ಅಮೋನಿಯಂ ಪರ್ಸಲ್ಫೇಟಿನ ದ್ರಾವಣವನ್ನು ಹನಿಹನಿಯಾಗಿ ಬೆರೆಸಿದೆ. ಸ್ವಲ್ಪ ಹೊತ್ತು ಏನೂ ನಡೆಯುವುದಿಲ್ಲ. ಅವಸರಪಟ್ಟು ಉತ್ಕರ್ಷಕವನ್ನು ಒಮ್ಮೆಲೇ ಸುರಿಯುವ ಮನಸ್ಸಾಗುವುದು ಈ ಹೊತ್ತಿನಲ್ಲಿಯೇ. ಹಾಗೆ ಮಾಡಿದರೆ ತಾಪ ಏರಿ ಸರಪಳಿಗಳು ಗಿಡ್ಡವಾಗುತ್ತವೆ. ತಾಳ್ಮೆಯಿಂದ ಕಾದರೆ ದ್ರಾವಣ ನೀಲಿಯಾಗಿ, ಕಪ್ಪಿಡುತ್ತಾ ಹೋಗಿ, ಕೊನೆಗೆ ಕಡುಹಸಿರಿಗೆ ತಿರುಗುತ್ತದೆ.

ತಪ್ಪಾದದ್ದು ಮುಂದಿನ ಹೆಜ್ಜೆಯಲ್ಲಿ. ಸೋಸಿ ಬಂದ ಹಸಿರು ಪುಡಿಯನ್ನು, ಶುದ್ಧವಾಗಲಿ ಎಂಬ ಆಸೆಯಿಂದ, ಇಳಿದ ನೀರಿನಲ್ಲಿ ಆಮ್ಲದ ಸುಳಿವೇ ಇಲ್ಲವಾಗುವ ತನಕ ಬಟ್ಟಿ ನೀರಿನಿಂದ ಮತ್ತೆ ಮತ್ತೆ ತೊಳೆದೆ. ಒಣಗಿಸಿ, ಬಿಲ್ಲೆಯಾಗಿ ಒತ್ತಿ, ನಾಲ್ಕು ಮೊನೆಗಳ ಉಪಕರಣದಲ್ಲಿ ಅಳೆದಾಗ ವಾಹಕತೆ ನಿರೀಕ್ಷೆಗಿಂತ ಬಹಳ ಕೆಳಗಿತ್ತು. ಕಾರಣ ರಚನೆಯಲ್ಲಿತ್ತು. ಈ ಹಸಿರು ರೂಪದ ಹೆಸರು ಎಮರಾಲ್ಡಿನ್ ಲವಣ. ಇದರ ಸರಪಳಿಯ ಅರ್ಧದಷ್ಟು ಭಾಗ ಉತ್ಕರ್ಷಣಗೊಂಡಿದ್ದು, ಅಲ್ಲಿನ ಇಮೀನ್ ನೈಟ್ರೋಜನ್‌ಗಳು (ಕಾರ್ಬನ್ ಜೊತೆ ಜೋಡಿಬಂಧವಿರುವವು) ಆಮ್ಲದಿಂದ ಪ್ರೋಟಾನ್ ಪಡೆದಾಗಲೇ ವಿದ್ಯುದಾವೇಶಗಳು ಸರಪಳಿಯುದ್ದಕ್ಕೂ ಸಾಗಬಲ್ಲವು. 1977ರಲ್ಲಿ ವಿಜ್ಞಾನಿಗಳಾದ ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್, ಹೀಗರ್ ಅವರು ಪಾಲಿಅಸಿಟಿಲೀನ್ ಎಂಬ ಇನ್ನೊಂದು ಪಾಲಿಮರನ್ನು ವಾಹಕವಾಗಿಸಲು ಅದಕ್ಕೆ ಅಯೋಡಿನ್ ಸೇರಿಸಿದಾಗ ಸರಪಳಿಯಿಂದ ಎಲೆಕ್ಟ್ರಾನ್‌ಗಳೇ ಹೊರಬಿದ್ದಿದ್ದವು. ಇಲ್ಲಿ ಎಲೆಕ್ಟ್ರಾನ್‌ಗಳ ಲೆಕ್ಕ ಬದಲಾಗುವುದೇ ಇಲ್ಲ, ಸೇರುವುದು ಪ್ರೋಟಾನ್ ಮತ್ತು ಅದರ ಜೊತೆಗಾರ ಕ್ಲೋರೈಡ್. ನಾನು ಕೊಳೆಯೆಂದು ತೊಳೆದುಹಾಕಿದ್ದು ಆ ಜೋಡಿಯನ್ನೇ.

ಪುಡಿಯನ್ನು ಮತ್ತೆ 1 ಮೋಲಾರ್ ಆಮ್ಲದಲ್ಲಿ ರಾತ್ರಿಯಿಡೀ ಕಲಕಲು ಬಿಟ್ಟೆ. ಸೋಸಿದ ಮೇಲೆ ನೀರನ್ನು ಮುಟ್ಟದೆ ತೆಳು ಆಮ್ಲದಿಂದಲೂ ಅನಂತರ ಅಸಿಟೋನಿನಿಂದಲೂ ತೊಳೆದೆ. ಈ ಸಲ ವಾಹಕತೆ ಸೆಂಟಿಮೀಟರಿಗೆ ಕೆಲವು ಸೀಮೆನ್ಸ್‌ಗೆ (ವಾಹಕತೆ ಅಳೆಯಲು ಬಳಸುವ ಮಾನ) ಏರಿತು. ಅದೇ ಪುಡಿಯ ಒಂದು ಪಾಲನ್ನು ಅಮೋನಿಯಾ ದ್ರಾವಣಕ್ಕೆ ಹಾಕಿದಾಗ ಅದು ನೀಲಿ ಛಾಯೆಯ ಎಮರಾಲ್ಡಿನ್ ಪ್ರತ್ಯಾಮ್ಲವಾಗಿ, ಬಹುಮಟ್ಟಿಗೆ ಅವಾಹಕವಾಯಿತು.

ತುಕ್ಕು ತಡೆಯುವ ಲೇಪ, ವಿದ್ಯುತ್ತನ್ನು ಕೂಡಿಡುವ ಸೂಪರ್‌ಕೆಪಾಸಿಟರ್ ಮುಂತಾದ ಬಳಕೆಗಳು ಇದಕ್ಕಿದ್ದರೂ, ಈ ಪ್ರಸಂಗದ ನಂತರ ನನ್ನನ್ನು ಸೆಳೆದದ್ದು ಅಮೋನಿಯಾ ಸಂವೇದಕ. ಗಾಜಿನ ಮೇಲೆ ತೆಳುವಾಗಿ ಬೆಳೆಸಿದ ಪದರಕ್ಕೆ ಅಮೋನಿಯಾ ಆವಿ ತಾಗಿದರೆ ರೋಧ ಏರುತ್ತದೆ, ಗಾಳಿಯಾಡಿದರೆ ಇಳಿಯುತ್ತದೆ. ನನ್ನ ಪದರಗಳಲ್ಲಿ ಅದು ಪ್ರತಿ ಸುತ್ತಿನಲ್ಲೂ ಮೊದಲಿನ ಮಟ್ಟಕ್ಕಿಂತ ತುಸು ಮೇಲೆಯೇ ನಿಲ್ಲುತ್ತಿತ್ತು. ಆಮ್ಲದ ಆವಿಯನ್ನು ಹಾಯಿಸಿದಾಗಲಷ್ಟೇ ಕೆಳಗಿಳಿಯುತ್ತಿತ್ತು.