ಎಡಕ್ಕೆ ಬಂದ ಅರ್ಕಾವತ್ತು: ವೆಬ್‌ಕ್ಯಾಮ್ ಸರಿಪಡಿಸಿದ ನನ್ನ ಅನುಭವ

ತೀರ್ಥಹಳ್ಳಿಯ ನಮ್ಮ ಮನೆಯಿಂದ, ಹೊರದೇಶದಲ್ಲಿರುವ ನೆಂಟರ ಮಕ್ಕಳಿಗೆ ಪ್ರತಿ ಭಾನುವಾರ ಜೂಮ್ ಮೂಲಕ ಕನ್ನಡ ಬರವಣಿಗೆ ಕಲಿಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಹೊಸ ಲ್ಯಾಪ್‌ಟಾಪಿನ ಮುಂದೆ ಸ್ಲೇಟು ಹಿಡಿದು ಊರಿನ ಹೆಸರನ್ನು ತೋರಿಸಿದಾಗ, ‘ರ್ಥ’ದಲ್ಲಿ ಬಲಕ್ಕಿರಬೇಕಾದ ಅರ್ಕಾವತ್ತು ಪರದೆಯ ಮೇಲೆ ಎಡಕ್ಕೆ ಬಂದಿತ್ತು. ಅಕ್ಷರದ ಗೆರೆ ಯಾವ ಕಡೆಯಿಂದ ಹೊರಟು ಎಲ್ಲಿ ತಿರುಗುತ್ತದೆ ಎಂಬುದೇ ಪಾಠವಾಗಿರುವಾಗ ಇದನ್ನು ಹಾಗೆಯೇ ಬಿಡುವಂತಿರಲಿಲ್ಲ.

ನಾನು ಆತುರದಲ್ಲಿ, ಕ್ಯಾಮೆರಾದ ಚಿತ್ರವನ್ನು ಬೇಕಾದಂತೆ ಬದಲಿಸಿ ಕಳುಹಿಸುವ ಓಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಹಾಕಿಕೊಂಡು ಅದರಲ್ಲಿ ಚಿತ್ರವನ್ನು ಅಡ್ಡಲಾಗಿ ತಿರುಗಿಸಿದೆ. ನನ್ನ ಪರದೆಯಲ್ಲಿ ಅಕ್ಷರ ನೆಟ್ಟಗಾಯಿತು. ಆದರೆ ಆ ಭಾನುವಾರ ಆಚೆಯಿಂದ “ಅಜ್ಜಾ, ಅಕ್ಷರ ಎಲ್ಲಾ ಉಲ್ಟಾ ಇದೆ” ಎಂಬ ಮಾತು ಬಂತು. ಜೂಮ್ ನಮಗೆ ತೋರಿಸುವ ನಮ್ಮ ಚಿತ್ರವನ್ನು ಮಾತ್ರ ಕನ್ನಡಿಯಂತೆ ತಿರುಗಿಸುತ್ತದೆ, ಎದುರಿನವರಿಗೆ ನೇರ ಚಿತ್ರವನ್ನೇ ಕಳುಹಿಸುತ್ತದೆ. ಸರಿಯಾಗಿದ್ದುದನ್ನು ನಾನೇ ಕೆಡಿಸಿದ್ದೆ. ಓಬಿಎಸ್ ತೆಗೆದು, ಜೂಮ್ ಸೆಟ್ಟಿಂಗ್ಸ್‌ನ ವಿಡಿಯೋ ಭಾಗದಲ್ಲಿ ‘ಮಿರರ್ ಮೈ ವಿಡಿಯೋ’ ಎಂಬುದರ ಗುರುತನ್ನು ತೆಗೆದೆ. ಅಷ್ಟೇ ಸಾಕಾಯಿತು.

ಅಂದಿನಿಂದ, ಏನನ್ನೂ ಬದಲಿಸುವ ಮೊದಲು ಎದುರಿನವರಿಗೆ ಹೇಗೆ ಕಾಣುತ್ತದೆ ಎಂದು ನೋಡುತ್ತೇನೆ. ಮೊಬೈಲಿನಿಂದ ಅದೇ ಮೀಟಿಂಗ್‌ಗೆ ಸೇರಿ, ಧ್ವನಿ ಮಾರ್ದನಿಸದಂತೆ ಅದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಮುಚ್ಚಿ, ‘ಕು’ ಎಂದು ಬರೆದ ಕಾಗದವನ್ನು ಕ್ಯಾಮೆರಾದ ಮುಂದೆ ಹಿಡಿಯುತ್ತೇನೆ. ಬರಿಯ ಸೊನ್ನೆಯನ್ನು ಹಿಡಿದರೆ ಎಡಬಲ ತಿಳಿಯುವುದಿಲ್ಲ, ಕೊಂಬಿರುವ ಅಕ್ಷರವೇ ಬೇಕು.

ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಮೊಬೈಲಿನಲ್ಲೂ ಕೊಂಬು ಎಡಕ್ಕೆ ಕಂಡಿತು. ಹುಡುಕಿದಾಗ, ಯಂತ್ರದ ಜೊತೆಗೇ ಬಂದಿದ್ದ ಕ್ಯಾಮೆರಾ ತಂತ್ರಾಂಶದೊಳಗೆ ಮಿರರ್ ಆಯ್ಕೆ ಚಾಲೂ ಇತ್ತು. ಅದನ್ನು ನಿಲ್ಲಿಸಿದ ಮೇಲೆ ಸರಿಯಾಯಿತು. ಅಂತಹ ಆಯ್ಕೆ ಸಿಗದ ಯಂತ್ರಗಳಿಗೆ ಓಬಿಎಸ್ ನಿಜಕ್ಕೂ ಉಪಕಾರಿ. ‘ವಿಡಿಯೋ ಕ್ಯಾಪ್ಚರ್ ಡಿವೈಸ್’ ಸೇರಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ಟ್ರಾನ್ಸ್‌ಫಾರ್ಮ್’ನಲ್ಲಿ ‘ಫ್ಲಿಪ್ ಹಾರಿಜಾಂಟಲ್’ ಆರಿಸಿ, ‘ಸ್ಟಾರ್ಟ್ ವರ್ಚುವಲ್ ಕ್ಯಾಮೆರಾ’ ಒತ್ತಿ, ಜೂಮ್‌ನಲ್ಲಿ ‘ಓಬಿಎಸ್ ವರ್ಚುವಲ್ ಕ್ಯಾಮೆರಾ’ವನ್ನು ಆರಿಸಬೇಕು. 2020ರಲ್ಲಿ ಬಂದ 26ನೇ ಆವೃತ್ತಿಯಿಂದ ಈ ಸೌಲಭ್ಯ ಓಬಿಎಸ್‌ನಲ್ಲೇ ಇದೆ. ಜೂಮ್ ಮೊದಲೇ ಕ್ಯಾಮೆರಾವನ್ನು ಹಿಡಿದುಕೊಂಡಿದ್ದರೆ ಓಬಿಎಸ್‌ಗೆ ಅದು ಸಿಗದೇ ಹೋಗಬಹುದು, ಹಾಗಾಗಿ ಓಬಿಎಸ್ ಅನ್ನು ಮೊದಲು ತೆರೆಯುವುದು ಒಳಿತು. ಇದರಿಂದ ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದನ್ನೂ, ಆಷಾಢದ ಗಾಳಿಮಳೆಗೆ ಕರೆಂಟು ಹೋಗುವ ನಮ್ಮ ಕಡೆಯವರು ನೆನಪಿಡಬೇಕು.

ನನ್ನ ತಪ್ಪಿನಿಂದ ಉಲ್ಟಾ ರೆಕಾರ್ಡ್ ಆಗಿದ್ದ ಆ ಭಾನುವಾರದ ಪಾಠವನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದ ‘ಎಚ್‌ಫ್ಲಿಪ್’ ಫಿಲ್ಟರಿನಿಂದ ನೇರ ಮಾಡಿ, ತಪ್ಪಾಗಿ ತಿದ್ದಿಕೊಂಡಿದ್ದ ಮಕ್ಕಳಿಗೆ ಮರುದಿನವೇ ಕಳುಹಿಸಿದೆ.