ಬಾಯಿ ವಾಸನೆ: ಮೆಷಿನ್ ಬಿಟ್ಟು ಮೂಗು ನಂಬಿದೆ

"ಬಾಯಿ ವಾಸನೆಗೆ ಅಂತ ಯಾರ್ರೀ ದುಡ್ಡು ಕೊಡ್ತಾರೆ? ಸ್ಕೇಲಿಂಗ್ ಮಾಡಿ, ಹಲ್ಲಿನ ಪಾಚಿ ಕೆರೆದು ಕಳಿಸಿ" ಅಂತ ಜೊತೆಯ ಡೆಂಟಿಸ್ಟ್‌ಗಳು ಹೇಳುತ್ತಿದ್ದರು. ಚನ್ನಗಿರಿ ಕಡೆಯ ಅಡಿಕೆ ಸೀಮೆಯಲ್ಲಿ ನನ್ನ ಕ್ಲಿನಿಕ್. ಈಗ ವಾರಕ್ಕೊಂದು ಮಧ್ಯಾಹ್ನ ಬರೀ ವಾಸನೆಯ ಪೇಷೆಂಟ್‌ಗಳನ್ನೇ ನೋಡುತ್ತೇನೆ, ಕುರ್ಚಿ ಖಾಲಿ ಇರುವುದಿಲ್ಲ. ಹಾಗೆ ಹೇಳಿದವರೇ ಈಗ ತಮ್ಮ ಕೇಸುಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಬ್ಯಾಕ್ಟೀರಿಯಾ ಬಿಡುವ ಗಂಧಕದ ಗ್ಯಾಸಿನಿಂದಲೇ ಬಾಯಿ ನಾರುತ್ತದೆ ಅನ್ನುವುದು ನಿಮಗೆ ಗೊತ್ತು, ಅಲ್ವಾ? ಹೆಚ್ಚಿನ ಕೇಸು ಬಾಯಿಯವೇ, ಹೊಟ್ಟೆಯವಲ್ಲ ಅನ್ನುವುದೂ ಗೊತ್ತು. ಆದರೆ ಬಾಯಲ್ಲಿ ಯಾವ ಜಾಗ ಅಂತ ಯಾರೂ ಹುಡುಕುವುದಿಲ್ಲ.

ಶುರುವಿನಲ್ಲಿ ಕ್ಲೋರ್‌ಹೆಕ್ಸಿಡಿನ್ ಅನ್ನುವ, ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್ ಬರೆಯುತ್ತಿದ್ದೆ. ವಾರದಲ್ಲಿ ವಾಸನೆ ಇಳಿಯುತ್ತಿತ್ತು. ನಿಲ್ಲಿಸಿದ ಮೇಲೆ ಮತ್ತೆ ಅದೇ ಕಥೆ, ಜೊತೆಗೆ ಹಲ್ಲಿನ ಮೇಲೆ ಕಂದು ಕಲೆ. ಅದನ್ನು ಪಾಲಿಶ್ ಮಾಡಿಕೊಡಲು ದುಡ್ಡು ಕೇಳುವ ಹಾಗೂ ಇಲ್ಲ. ಮೆಟ್ರೊನಿಡಜೋಲ್ ಅನ್ನುವ ಆ್ಯಂಟಿಬಯಾಟಿಕ್ ಕೋರ್ಸು ಕೊಟ್ಟರೂ ಅಷ್ಟೇ, ಹದಿನೈದು ದಿನದ ಮೇಲೆ ಫಲ ನಿಲ್ಲಲಿಲ್ಲ. ಬರೀ ಸ್ಕೇಲಿಂಗ್‌ಗೆ ಅರ್ಧ ಜನರ ವಾಸನೆ ಬಗ್ಗಿತು, ಉಳಿದವರದು ಬಗ್ಗಲಿಲ್ಲ. ಗಂಧಕ ಅಳೆಯುವ ಒಳ್ಳೆ ಮೆಷಿನ್‌ಗೆ ಲಕ್ಷದ ಮೇಲೆ ಹೇಳಿದರು. ಎರಡು ಸಾವಿರ ಚಿಲ್ಲರೆ ಕೊಟ್ಟು ಕೈಯಲ್ಲಿ ಹಿಡಿಯುವ ಸಣ್ಣದೊಂದು ತರಿಸಿದೆ. ಮೌತ್‌ವಾಶ್‌ನ ಆಲ್ಕೋಹಾಲ್ ವಾಸನೆಗೂ ಅದರ ಮುಳ್ಳು ಕುಣಿಯುತ್ತಿತ್ತು.

ಕೊನೆಗೆ ಮೂಗೇ ಗಟ್ಟಿ ಅಂತ ತೀರ್ಮಾನಿಸಿದೆ. ಪೇಷೆಂಟ್‌ಗೆ ಹಿಂದಿನ ದಿನದಿಂದಲೇ ಬೆಳ್ಳುಳ್ಳಿ, ಈರುಳ್ಳಿ ಬೇಡ ಅಂತೇನೆ. ಬರುವ ದಿನ ಕಾಫಿ, ಎಲೆ-ಅಡಿಕೆ, ಮೌತ್‌ವಾಶ್ ಬಂದ್. ಬಂದವರು ಒಂದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಆಮೇಲೆ ಬಾಯಿಂದ ಉಸಿರು ಬಿಡಿಸಿ ಗೇಣು ದೂರದಿಂದ ಮೂಸಿ ನೋಡುತ್ತೇನೆ. ನಂತರ ಬಾಯಿ ಮುಚ್ಚಿಸಿ ಮೂಗಿನಿಂದ, ಒಂದೊಂದೇ ಹೊಳ್ಳೆ. ಮೂಗಿನದೇ ಜೋರಾಗಿದ್ದರೆ ಇಎನ್‌ಟಿ ಡಾಕ್ಟರಿಗೆ ಚೀಟಿ. ಚಿಕ್ಕ ಮಕ್ಕಳಲ್ಲಿ ಒಂದೇ ಹೊಳ್ಳೆ ನಾರುತ್ತಿದ್ದರೆ ಒಳಗೆ ಮಣಿಯೋ ಸ್ಪಂಜಿನ ಚೂರೋ ಸಿಕ್ಕಿರಬಹುದು, ಅವತ್ತೇ ಕಳಿಸಿ. ಮೂಗು ಸರಿ ಇದ್ದರೆ ನಾಲಿಗೆಯ ಹಿಂಭಾಗವನ್ನು ಪ್ಲಾಸ್ಟಿಕ್ ಚಮಚದಲ್ಲಿ ಕೆರೆದು, ಐದು ಸೆಕೆಂಡ್ ಬಿಟ್ಟು ಮೂಸುತ್ತೇನೆ. ಆಮೇಲೆ ದವಡೆ ಹಲ್ಲುಗಳ ಪ್ರತಿ ಸಂದಿಗೂ ಬೇರೆ ಬೇರೆ ಫ್ಲಾಸ್ (ಸಂದಿ ಕ್ಲೀನ್ ಮಾಡುವ ದಾರ) ಎಳೆದು ಮೂಸುತ್ತೇನೆ. ಎಲ್ಲಕ್ಕೂ 0ಯಿಂದ 5ರವರೆಗೆ ನಂಬರು: ವಾಸನೆ ಇಲ್ಲದಿದ್ದರೆ 0, ತೀರಾ ಕೆಟ್ಟದಾಗಿದ್ದರೆ 5.

ಮೇಷ್ಟ್ರೊಬ್ಬರು ಕರ್ಚೀಫ್ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ಎಂಡೋಸ್ಕೋಪಿ, ಗ್ಯಾಸ್ ಮಾತ್ರೆ ಅಂತ ಹತ್ತಿರ ಹತ್ತಿರ ಹದಿನೈದು ಸಾವಿರ ಕಳೆದಿದ್ದರು. ನಾಲಿಗೆ 1, ಉಳಿದ ಸಂದಿ ಎಲ್ಲ ಸೊನ್ನೆ. ಕೆಳದವಡೆಯಲ್ಲಿ ಹಳೇ ಕ್ಯಾಪ್ ಪಕ್ಕ ಫ್ಲಾಸ್ ಹಾಕಿ ಎಳೆದರೆ ಬೂದು ಬಣ್ಣದ ಲೋಳೆ ಬಂತು, ನೇರ 5. ಅವರ ಮೂಗಿಗೂ ಹಿಡಿದೆ. "ಇದೇ ಸಾರ್, ನನ್ನ ಹೆಂಡತಿ ಹೇಳೋದು ಇದೇ ವಾಸನೆ" ಅಂದರು. ಕ್ಯಾಪ್‌ಗೂ ಪಕ್ಕದ ಹಲ್ಲಿಗೂ ಕಾಂಟ್ಯಾಕ್ಟ್ ಇರಲಿಲ್ಲ, ಅಂದರೆ ಒಂದಕ್ಕೊಂದು ತಾಗುತ್ತಿರಲಿಲ್ಲ, ತಿಂದದ್ದೆಲ್ಲ ಅಲ್ಲೇ ಕೂತು ಕೊಳೆಯುತ್ತಿತ್ತು. ಕ್ಯಾಪ್ ಬದಲಿಸಿದ ಹದಿನೈದು ದಿನಕ್ಕೆ ಅಲ್ಲೂ ಸೊನ್ನೆ.

ನಾಲಿಗೆಯದೇ ಕೇಸು ಜಾಸ್ತಿ. ನಮ್ಮ ಜನ ನಾಲಿಗೆ ಕೆರೆಯುತ್ತಾರೆ, ಆದರೆ ಮುಂದಿನ ಅರ್ಧ ಮಾತ್ರ. ಹಿಂದೆ ಹೋದರೆ ವಾಕರಿಕೆ. ಗಾಜ್ ಬಟ್ಟೆಯಲ್ಲಿ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ನಾಲಿಗೆ ಹೊರಗೆಳೆದು ಹಿಡಿದು, ಉಸಿರು ಬಿಡುತ್ತಾ ಟಂಗ್ ಕ್ಲೀನರನ್ನು ಮೂರ್ನಾಲ್ಕು ಸಲ ಮೆಲ್ಲಗೆ ಎಳೆಯಿರಿ ಅಂತ ಕನ್ನಡಿ ಮುಂದೆ ಮಾಡಿಸುತ್ತೇನೆ. ವಾಕರಿಕೆ ತಡೆಯಲು ಇನ್ನೊಂದು ಉಪಾಯ ಇದೆ, ಅದನ್ನು ಎದುರಿಗೆ ಬಂದವರಿಗೆ ತೋರಿಸುತ್ತೇನೆ. ರಾತ್ರಿಗೆ ಸತುವಿನ (ಜಿಂಕ್) ಗಾರ್ಗಲ್. ಸತು ಗಂಧಕವನ್ನು ಹಿಡಿದಿಡುತ್ತದೆ, ಕಲೆಯ ಕಾಟವಿಲ್ಲ. ಸತು ಎಷ್ಟು ಹಾಕುತ್ತೇನೆ ಅನ್ನುವ ಅಳತೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಬೆಳ್ಳುಳ್ಳಿಯ ಮೇಲೂ ಒಂದು ಕೈ ನೋಡಿದೆ. ಅದು ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಬರುವ ವಾಸನೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಸಿ ಎಸಳು ಜಗಿದು, ಒಂದು ದಿನ ಸುಮ್ನೆ ಇದ್ದೆ, ಇನ್ನೊಂದು ದಿನ ಜೊತೆಗೇ ಒಂದು ಲೋಟ ಗಟ್ಟಿ ಹಾಲು ಕುಡಿದೆ. ಮೂಸಿ ನೋಡಿದ್ದು ನಮ್ಮ ಸಿಸ್ಟರ್. ಹಾಲಿನ ದಿನ ಅರ್ಧಕ್ಕರ್ಧ ಕಮ್ಮಿ ಅಂದರು. ಲವಂಗ, ಏಲಕ್ಕಿ ಬರೀ ಮೇಲೆ ಮುಚ್ಚುತ್ತವೆ, ಅರ್ಧ ಗಂಟೆಯ ಆಟ.

ಕೆಲವರಿಗೆ ವಾಸನೆಯೇ ಇರುವುದಿಲ್ಲ, ಇದೆ ಅಂತ ಕೊರಗುತ್ತಾರೆ. ಅವರಿಗೆ ಔಷಧ ಮಾರಬೇಡಿ. ಮನೆಯವರನ್ನು ಕರೆಸಿ, ಅವರ ಎದುರಿಗೇ ಮೂಸಿ, ಇಲ್ಲ ಅಂತ ಬಾಯಿಬಿಟ್ಟು ಹೇಳಿ. ಅದಕ್ಕೂ ಜಗ್ಗದಿದ್ದರೆ ಮನೋವೈದ್ಯರ ಸಹಾಯ ಬೇಕು.

ಫೀಸು ಅಂತ ಮೊದಲು ಇನ್ನೂರು ರೂಪಾಯಿ ಕೇಳಿದರೂ ಗೊಣಗುತ್ತಿದ್ದರು. ಈಗ ಐನೂರು, ಹದಿನೈದು ದಿನದ ಮೇಲಿನ ಮರುಪರೀಕ್ಷೆ ಸೇರಿ. ಸ್ಟೀಲ್ ಟಂಗ್ ಕ್ಲೀನರ್ ನಾನೇ ಕೊಡುತ್ತೇನೆ, ಹೋಲ್‌ಸೇಲ್‌ನಲ್ಲಿ ಇಪ್ಪತ್ತರ ಆಸುಪಾಸು. ಚಮಚ, ಫ್ಲಾಸು, ಗಾಜ್ ಬಟ್ಟೆ ಸೇರಿ ಇನ್ನೊಂದು ಇಪ್ಪತ್ತು. ಕಾಂಟ್ಯಾಕ್ಟ್ ಸರಿ ಇಲ್ಲದ ಫಿಲ್ಲಿಂಗು, ಕ್ಯಾಪುಗಳ ಕೆಲಸ ಬೇರೆಯೇ ಬರುತ್ತದೆ.

ಬಿಪಿ, ಅಲರ್ಜಿ ಮಾತ್ರೆಗಳಿಂದ ಬಾಯಿ ಒಣಗುವ ವಯಸ್ಸಾದವರಲ್ಲಿ ಮಾತ್ರ ಇನ್ನೂ ಪೂರ್ತಿ ಗೆದ್ದಿಲ್ಲ. ಹಗಲು ನೀರು, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಸಾಕಾಗುತ್ತದೆ, ರಾತ್ರಿ ಕಷ್ಟ. ಯಾರಾದರೂ ದಾರಿ ಕಂಡಿದ್ದರೆ ತಿಳಿಸಿ, ನಾನೂ ಮಾಡಿ ನೋಡುತ್ತೇನೆ.